ಸೀಲ್ ಬದಲಿಸುವ ಮುನ್ನ

ಹಳೇ ಟ್ರ್ಯಾಕ್ಟರ್ ಅಂದಮೇಲೆ ಎಣ್ಣೆ ಸೋರದೆ ಇರುತ್ತದೆಯೇ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಯಿಲ್ ಸೀಲಿನ ರಬ್ಬರ್ ಗಟ್ಟಿಯಾಗಿರುತ್ತದೆ, ಪ್ಯಾಕಿಂಗ್ ಹರಿದಿರುತ್ತದೆ, ಬೋಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಗಾಳಿ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಎಲ್ಲಕ್ಕೂ ಮದ್ದಿದೆ. ಕಾರಣ ತಿಳಿಯದೆ ಸ್ಪ್ಯಾನರ್ ಹಿಡಿದರೆ ಮಾತ್ರ ದುಡ್ಡೂ ಹೋಗುತ್ತದೆ, ಸೋರಿಕೆಯೂ ನಿಲ್ಲುವುದಿಲ್ಲ.

ನಮ್ಮ ಹೊಲಗಳಲ್ಲಿ ಇಂದಿಗೂ ದುಡಿಯುವ ಹಳೇ ಮ್ಯಾಸಿ 1035 ತೆಗೆದುಕೊಳ್ಳಿ. ಚೆನ್ನೈನ ಟಾಫೆಯವರ ಗಾಡಿ, ಸಿಂಪ್ಸನ್ನಿನ ಮೂರು ಸಿಲಿಂಡರ್ ಎಂಜಿನ್. ಮೊದಲ ಕೆಲಸ ತೊಳೆಯುವುದು. ವರ್ಷಗಟ್ಟಲೆ ಕೂತ ಮಣ್ಣು, ಜಿಡ್ಡನ್ನು ಕೆರೆದು, ಡೀಸೆಲ್ ಹಚ್ಚಿ ಬ್ರಷ್‌ನಲ್ಲಿ ತಿಕ್ಕಿ ಒರೆಸಿ. ಪೂರ್ತಿ ಒಣಗಿದ ಮೇಲೆ ಅನುಮಾನ ಬಂದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಓಡಿಸಿ ನೋಡಿ. ಫ್ಯಾನಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ, ಭಾರಕ್ಕೆ ಅದು ಕೆಳಗಿಳಿಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಬಿಟ್ಟು, ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಪೌಡರ್ ಒದ್ದೆಯಾದದ್ದು ಎಲ್ಲಿ ಎಂದು ಹುಡುಕಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ, ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತಿದೆ. ಅಲ್ಲಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ; ತಿಳಿ ಬಣ್ಣದ್ದಾದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ಎರಡಕ್ಕೂ ಗಾಡಿಯನ್ನು ನಡುವೆ ಬಿಡಿಸಲೇಬೇಕು. ಬಿಡಿಸಿದಾಗ ಎರಡೂ ಸೀಲ್ ಹಾಕಿಸಿ, ಕ್ಲಚ್ ಪ್ಲೇಟನ್ನೂ ನೋಡಿಸಿ. ಆ ಕೂಲಿ ಮತ್ತೆ ಕೊಡಬೇಕಾಗಿಲ್ಲ. ತೂತನ್ನು ಮಾತ್ರ ಯಾವತ್ತೂ ಮುಚ್ಚಬೇಡಿ. ಮುಚ್ಚಿದರೆ ಎಣ್ಣೆ ಒಳಗೇ ನಿಂತು ಕ್ಲಚ್ಚಿಗೆ ತಾಗುತ್ತದೆ. ವಾಟರ್ ಪಂಪಿನ ಅಡಿಯ ತೂತಿಗೂ ಇದೇ ಮಾತು: ಅಲ್ಲಿ ನೀರು ಕಂಡರೆ ಪಂಪಿನ ಸೀಲ್ ಸವೆದಿದೆ.

ಗಾಡಿ ಬಿಡಿಸುವ ಮುಂಚೆ ಬ್ರೀದರ್, ಅಂದರೆ ಗಾಳಿ ಹೋಗುವ ದಾರಿ, ನೋಡಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿನಿಂದ ಹೊರಗೆ ನೂಕುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇಳಿಯುವ ಬದಲು ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನ ಡಯಾಫ್ರಾಂ ಹರಿದು ಡೀಸೆಲ್ ಒಳಗೆ ಇಳಿಯುತ್ತಿರಬಹುದು. ಇದು ಹೊರಗೆ ಹನಿಯೇ ಕಾಣದ ಸೋರಿಕೆ. ತೆಳುವಾದ ಎಣ್ಣೆ ಬೇರಿಂಗ್ ತಿನ್ನುವುದರಿಂದ ಎಂಜಿನ್ ನಿಲ್ಲಿಸಿ, ಕಾರಣ ಸರಿಪಡಿಸಿ, ಎಣ್ಣೆ ಬದಲಿಸಿ.

ಡೀಸೆಲ್ ಪೈಪಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಅದು ಮತ್ತೆ ಮೆದುವಾಗಿ ಕೂರುತ್ತದೆ. ಇಂಜೆಕ್ಟರ್ ಪೈಪಿನ ಸೋರಿಕೆ ಹುಡುಕುವಾಗ ಬೆರಳು ಇಡಬೇಡಿ, ರಟ್ಟು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಹೊಸ ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗಿರಲಿ, ತುಟಿಗೆ ಎಣ್ಣೆ ಸವರಿ. ಹಳೇ ಸೀಲ್ ಉಜ್ಜಿ ಶಾಫ್ಟ್ ಮೇಲೆ ಗೆರೆ ಬಿದ್ದಿದ್ದರೆ, ಜಾಗವಿರುವ ಕಡೆ ಸೀಲನ್ನು ಕೂದಲೆಳೆಯಷ್ಟು ಸರಿಸಿ ಕೂರಿಸಿ. ಪ್ಯಾಕಿಂಗಿಗೆ ಪೇಸ್ಟ್ ತೆಳ್ಳಗೆ ಸಾಕು. ಒಳಗೆ ಉಬ್ಬಿದ್ದು ಕಿತ್ತು ಬಂದರೆ ಎಣ್ಣೆಯ ಜಾಲರಿ ಕಟ್ಟುತ್ತದೆ.

ಇವೆಲ್ಲದರಲ್ಲಿ ತಡ ಮಾಡಲೇಬಾರದ್ದು ಹಿಂದಿನ ಚಕ್ರದ ಒಳಮಗ್ಗುಲಿನ ಸೋರಿಕೆ. ಈ ಹಳೇ ಗಾಡಿಗಳ ಡ್ರಮ್ ಬ್ರೇಕ್ ಒಣಗಿರಬೇಕು. ಆಕ್ಸಲ್ ಸೀಲ್ ಹೋದರೆ ಎಣ್ಣೆ ನೇರ ಬ್ರೇಕ್ ಲೈನರಿಗೆ ಬರುತ್ತದೆ. ಒಂದೇ ಕಡೆಯ ಬ್ರೇಕ್ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸೀಲಿನ ಜೊತೆಗೆ ನೆನೆದ ಲೈನರನ್ನೂ ಬದಲಿಸಿ. ಕಬ್ಬು ತುಂಬಿದ ಟ್ರೈಲರ್ ಹಿಂದಿರುವಾಗ ಆ ಬ್ರೇಕನ್ನು ನಂಬಿ ರಸ್ತೆಗೆ ಇಳಿಯಬೇಡಿ.