ಛಜ್ಜಾ ಮರೆತ ಕಟ್ಟಡಗಳು

ಚೆನ್ನೈನ ತ್ರಿಪ್ಲಿಕೇನ್‌ಗೆ ಹೋದರೆ ವಾಲಾಜಾ ಮಸೀದಿ ಎದುರು ಸ್ವಲ್ಪ ನಿಂತು ನೋಡಿ. ಆರ್ಕಾಟ್ ನವಾಬರ ಮನೆತನ 1795ರಲ್ಲಿ ಕಟ್ಟಿಸಿದ್ದು, ಬೂದು ಗ್ರಾನೈಟಿನದು. ಅಗಲವಾದ ಕಟ್ಟಡ, ಆದರೂ ಭಾರ ಅನ್ನಿಸೋದಿಲ್ಲ. ಕಮಾನುಗಳು ಆ ಅಗಲವನ್ನು ಹಂಚಿಕೊಂಡಿವೆ, ತೆಳು ಮಿನಾರ್‌ಗಳು ಕಣ್ಣನ್ನು ಮೇಲಕ್ಕೆ ಒಯ್ಯುತ್ತವೆ.

ಈಗ ಹೈರೋಡಿನ ಹೊಸ ಕಾಂಪ್ಲೆಕ್ಸ್‌ಗಳ ಕಡೆ ತಿರುಗಿ. ನೆಲದಿಂದ ತಾರಸಿವರೆಗೆ ಒಂದೇ ಗಾಜು. ಯಾವ ಮಹಡಿ ಎಲ್ಲಿ ಮುಗಿಯಿತೋ ತಿಳಿಯದು. ಬೋರ್ಡಿಗೆ ಜಾಗ ಬಿಟ್ಟಿರೋದಿಲ್ಲ, ಕೊನೆಗೆ ಬೋರ್ಡೇ ಕಟ್ಟಡದ ಮುಖ! ಕಮಾನು ನಕಲು ಮಾಡಿ ಅಂತ ನಾನು ಹೇಳ್ತಿಲ್ಲ, ಅದು ಇನ್ನೂ ಕೆಟ್ಟದು. ನೆಲಮಹಡಿ ತುಸು ಎತ್ತರ ಇರಲಿ, ಬೋರ್ಡಿಗೊಂದು ಪಟ್ಟಿ ಬಿಡಲಿ, ಕಿಟಕಿಗಳು ಸಾಲಾಗಿ ನಿಲ್ಲಲಿ. ಛಜ್ಜಾ ಅಂತೂ ಬೇಕೇ ಬೇಕು, ನಮ್ಮ ಮೇಸ್ತ್ರಿಗಳು ಸಜ್ಜಾ ಅನ್ನೋದು ಅದನ್ನೇ. ಬೋಳು ಗೋಡೆಗೆ ನೆರಳಿನ ಗೆರೆ ಎಳೆಯೋದು ಅದು. ಮೇ ತಿಂಗಳ ಬಿಸಿಲಲ್ಲಿ ಬಸ್ಸಿಗೆ ಕಾಯುವವರು ನಿಲ್ಲೋದೂ ಅದರ ಕೆಳಗೇ.