ಹದಿನೆಂಟು ವರ್ಷಗಳ ಒಂದು ಪುಟ

ಅರ್ಸುಲಾ ಕೆ. ಲೆ ಗ್ವಿನ್ ಅವರ 'ಅರ್ಥ್‌ಸೀ' ಪುಸ್ತಕಗಳನ್ನು ಎಲ್ಲಿಂದ ಶುರು ಮಾಡಬೇಕು, ಯಾವ ಆವೃತ್ತಿ ಕೊಳ್ಳಬೇಕು ಎಂದು ಕಿರಿಯ ಗೆಳೆಯರು ಆಗಾಗ ಕೇಳುತ್ತಾರೆ. ಐದು ಕಾದಂಬರಿ, ಒಂದು ಕಥಾಸಂಕಲನ, ಜೊತೆಗೆ ಕೆಲವು ಬಿಡಿ ಕಥೆಗಳು, ಪ್ರಶ್ನೆ ಸಹಜವೇ. ಮೊದಲೆಲ್ಲ "ಎಲ್ಲ ಒಂದೇ ಸಂಪುಟದಲ್ಲಿ ಸಿಗುತ್ತೆ, ಅದನ್ನೇ ತಗೊಳ್ಳಿ" ಎಂದುಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಹಾಗೆ ಒಂದೇ ಉಸಿರಿಗೆ ಓದಿಯೇ ನಾನು ಒಂದು ಒಳ್ಳೆಯ ಪುಸ್ತಕಕ್ಕೆ ಅನ್ಯಾಯ ಮಾಡಿದ್ದೆ.

ಓದದವರಿಗಾಗಿ ಎರಡು ಮಾತು. ಅರ್ಥ್‌ಸೀ ಎಂಬುದು ದ್ವೀಪಗಳ ಲೋಕ. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಆ ಹೆಸರು ಬಲ್ಲವನೇ ಮಾಂತ್ರಿಕ. ಗಾಂಟ್ ದ್ವೀಪದಲ್ಲಿ ಆಡು ಕಾಯುತ್ತಿದ್ದ ಹುಡುಗ ಗೆಡ್ ಮಹಾಮಾಂತ್ರಿಕನಾಗುವ ಕಥೆ 'ಎ ವಿಜರ್ಡ್ ಆಫ್ ಅರ್ಥ್‌ಸೀ' (1968), 'ದಿ ಟೂಂಬ್ಸ್ ಆಫ್ ಅತುವಾನ್' (1971), 'ದಿ ಫಾರ್ದೆಸ್ಟ್ ಶೋರ್' (1972) ಎಂಬ ಮೂರು ಪುಸ್ತಕಗಳಲ್ಲಿ ಬರುತ್ತದೆ. ಮೂರನೆಯದರ ಕೊನೆಗೆ ಗೆಡ್ ಲೋಕವನ್ನು ಉಳಿಸಲು ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತಾನೆ. ಒಂದು ಡ್ರ್ಯಾಗನ್ ಅವನನ್ನು ಹೊತ್ತು ಊರಿನ ಕಡೆಗೆ ಹಾರುತ್ತದೆ. ನಾಲ್ಕನೆಯ ಪುಸ್ತಕ 'ತೆಹಾನು'ವಿನಲ್ಲಿ ಅದೇ ಡ್ರ್ಯಾಗನ್ ಬಂದು ಅವನನ್ನು ಗಾಂಟ್‌ನಲ್ಲಿ ಇಳಿಸುತ್ತದೆ. ಕಥೆಯೊಳಗೆ ಅಂತರವೇ ಇಲ್ಲ. ಆದರೆ 'ತೆಹಾನು' ಪ್ರಕಟವಾದದ್ದು 1990ರಲ್ಲಿ.

ಸಂಪುಟದಲ್ಲಿ ಆ ಹದಿನೆಂಟು ವರ್ಷ ಒಂದು ಪುಟ ತಿರುಗಿಸುವಷ್ಟು ಹೊತ್ತು ಮಾತ್ರ. ನಾನು ತಿರುಗಿಸಿದೆ. ಸಮುದ್ರಯಾನವಿಲ್ಲ, ಮಂತ್ರಯುದ್ಧವಿಲ್ಲ. ಹಿಂದೆ ಅತುವಾನಿನ ಗೋರಿಗಳಿಂದ ಗೆಡ್ ಕರೆತಂದ ಟೆನಾರ್ ಈಗ ನಡುವಯಸ್ಸಿನ ವಿಧವೆ. ಅವಳ ಆಶ್ರಯದಲ್ಲಿ ಬೆಂಕಿಯಲ್ಲಿ ಬೆಂದ ಒಂದು ಮಗು. ಅಡುಗೆಮನೆ, ಆಡುಗಳು, ಶಕ್ತಿ ಕಳೆದುಕೊಂಡು ನಾಚಿಕೆಯಿಂದ ಮುದುಡಿಕೊಂಡ ಗೆಡ್. ಲೇಖಕಿಯ ಕಲ್ಪನೆ ಇಲ್ಲಿ ಸೊರಗಿದೆ ಎಂದು ಸೆಮಿನಾರ್ ಪ್ರಬಂಧವೊಂದರಲ್ಲಿ ಧೈರ್ಯವಾಗಿ ಬರೆದೆ.

ಸೊರಗಿದ್ದು ಕಲ್ಪನೆಯಲ್ಲ, ನನ್ನ ಓದು. ಹೆಂಗಸರ ಮಂತ್ರವಿದ್ಯೆ ದುರ್ಬಲ, ಅದು ಕೆಡುಕಿನದು ಎಂಬ ಅರ್ಥದ ಗಾದೆ ಮೊದಲ ಪುಸ್ತಕದಲ್ಲೇ ಬರುತ್ತದೆ. ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ನಾನು ಇದನ್ನೆಲ್ಲ ಆ ಲೋಕದ ಹವಾಮಾನ ಎಂಬಂತೆ ಓದಿ ಮುಂದೆ ಹೋಗಿದ್ದೆ. ಲೆ ಗ್ವಿನ್ ಹಾಗೆ ಹೋಗಲಿಲ್ಲ. ಹದಿನೆಂಟು ವರ್ಷಗಳ ನಂತರ ಅದೇ ದ್ವೀಪಕ್ಕೆ ಮರಳಿ, ಈ ಗಾದೆ ಯಾರು ಕಟ್ಟಿದ್ದು, ಮಾಂತ್ರಿಕನ ಶಕ್ತಿ ಹೋದ ಮೇಲೆ ಅವನಲ್ಲಿ ಉಳಿಯುವುದೇನು ಎಂದು ಕೇಳಿದರು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ 'ಅರ್ಥ್‌ಸೀ ರಿವಿಷನ್ಡ್' ಎಂಬ ಉಪನ್ಯಾಸದಲ್ಲಿ ಈ ಮರುನೋಟದ ಬಗ್ಗೆ ಅವರೇ ಮಾತನಾಡಿದ್ದಾರೆ. ನನಗೆ ಮುಖ್ಯವೆನಿಸುವುದು ಇದು: ಹಳೆಯ ಪುಸ್ತಕಗಳನ್ನು ತಿದ್ದಿ ಬರೆಯುವ ದಾರಿಯನ್ನು ಅವರು ಹಿಡಿಯಲಿಲ್ಲ. ಕಟ್ಟಿದ ಮನೆಯನ್ನು ಹಾಗೇ ಬಿಟ್ಟು ಹಿತ್ತಲ ಬಾಗಿಲಿನಿಂದ ಒಳಗೆ ಬಂದರು.

ಕನ್ನಡದ ಓದುಗರಿಗೆ ಇದು ಹೊಸ ಅನುಭವವಲ್ಲ. ಅಡಿಗರ 'ಭಾವತರಂಗ' (1946) ಓದಿಕೊಂಡು 'ಚಂಡೆಮದ್ದಳೆ'ಗೆ (1954) ಬಂದವರಿಗೆ, ಕವಿಯೊಬ್ಬ ತನ್ನ ದನಿಯನ್ನೇ ಮುರಿದು ಕಟ್ಟಿಕೊಂಡದ್ದು ಕಿವಿಗೇ ಕೇಳುತ್ತದೆ. ಕ್ರಮ ತಪ್ಪಿದರೆ ಕವಿತೆಗಳು ಉಳಿಯುತ್ತವೆ, ಆ ಮುರಿತ ಕಾಣೆಯಾಗುತ್ತದೆ.

ಅರ್ಥ್‌ಸೀಯ ಆವೃತ್ತಿಗಳ ಹೆಸರುಗಳೇ ಒಂದು ಕಥೆ ಹೇಳುತ್ತವೆ. ಮೊದಲು 'ಅರ್ಥ್‌ಸೀ ಟ್ರಿಲಜಿ' ಎಂಬ ಸಂಪುಟ ಬಂತು: ಮೂರಕ್ಕೆ ಮುಗಿಯಿತು ಎಂದು. ತೊಂಬತ್ತರ ದಶಕದಲ್ಲಿ ಅದು 'ಅರ್ಥ್‌ಸೀ ಕ್ವಾರ್ಟೆಟ್' ಆಯಿತು. 'ತೆಹಾನು'ವಿನ ಉಪಶೀರ್ಷಿಕೆಯೇ 'ಅರ್ಥ್‌ಸೀಯ ಕೊನೆಯ ಪುಸ್ತಕ' ಎಂದಿತ್ತು. ಆದರೆ 2001ರಲ್ಲಿ 'ಟೇಲ್ಸ್ ಫ್ರಮ್ ಅರ್ಥ್‌ಸೀ' ಎಂಬ ಕಥಾಸಂಕಲನ, ಹಿಂದೆಯೇ 'ದಿ ಅದರ್ ವಿಂಡ್' ಕಾದಂಬರಿ ಬಂದವು. ಮೂರನೆಯ ಪುಸ್ತಕದಲ್ಲಿ ಸಾವಿನ ಸಹಜ ನಿಯಮದಂತೆ ಕಂಡ ಸತ್ತವರ ಒಣನಾಡು ನಿಜಕ್ಕೂ ಮನುಷ್ಯರ ಆಸೆಬುರುಕತನದ ಫಲ ಎಂದು ಕೊನೆಯ ಕಾದಂಬರಿ ತೋರಿಸುತ್ತದೆ. ಅಂದರೆ ತಮ್ಮದೇ ತೀರ್ಮಾನವನ್ನು ಅವರು ಎರಡನೆಯ ಸಲ ಪ್ರಶ್ನಿಸಿದ್ದರು.

ಕಥೆಯೊಳಗಿನ ಕಾಲಾನುಕ್ರಮದಲ್ಲಿ ಓದಿದರೆ ಆಗದೇ ಎಂಬುದು ಇನ್ನೊಂದು ಪ್ರಶ್ನೆ. ಹಾಗೆ ಮಾಡಿದರೆ 'ಟೇಲ್ಸ್' ಸಂಕಲನದ 'ದಿ ಫೈಂಡರ್' ಮೊದಲು ಬರಬೇಕು. ಅದು ಗೆಡ್ ಹುಟ್ಟುವುದಕ್ಕೆ ಶತಮಾನಗಳ ಹಿಂದಿನ ಕಥೆ. ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು ಎಂದು ತಿಳಿಯುವುದು ಅಲ್ಲಿ. ಇದನ್ನು ಮೊದಲೇ ತಿಳಿದವರು 1968ರ ಪುಸ್ತಕವನ್ನು ಜಾಣರಾಗಿ ಓದುತ್ತಾರೆ, ನಿಜ. ಆದರೆ ನಾಲ್ಕು ಪುಸ್ತಕ ಓದಿದ ಮೇಲೆ ಅದು ಗೊತ್ತಾದಾಗ ಆಗುವ ಕಸಿವಿಸಿ, "ಇಷ್ಟು ದಿನ ನಾನೂ ಕೇಳಲಿಲ್ಲವಲ್ಲ" ಎಂಬ ಮುಜುಗರ ಅವರಿಗೆ ಸಿಗುವುದಿಲ್ಲ. ಈ ಪುಸ್ತಕಗಳ ಪಾಠವಿರುವುದು ಆ ಮುಜುಗರದಲ್ಲೇ. ಅದೇ ಸಂಕಲನದ 'ಡ್ರ್ಯಾಗನ್‌ಫ್ಲೈ' ಕಥೆಯಂತೂ 'ತೆಹಾನು'ವಿಗೂ 'ದಿ ಅದರ್ ವಿಂಡ್'ಗೂ ನಡುವಿನ ಸೇತುವೆ. ಅದನ್ನು ಬಿಟ್ಟು ಕೊನೆಯ ಕಾದಂಬರಿಗೆ ಹಾರಬಾರದು.

ಹಾಗಾದರೆ ಕೊಳ್ಳುವುದು ಯಾವುದು? ಮೊದಲ ಓದಿಗೆ ಬಿಡಿ ಪುಸ್ತಕಗಳು, ಪ್ರಕಟವಾದ ಕ್ರಮದಲ್ಲಿ. ಹಳೆಯ ಪ್ರತಿಯಾದರೂ ಸರಿ, ಆದರೆ ಮುಖಪುಟವನ್ನು ಪೂರ್ತಿ ನಂಬಬೇಡಿ. ಗೆಡ್‌ನದು ಕೆಂಪುಗಂದು ಮೈಬಣ್ಣ. ಅರ್ಥ್‌ಸೀಯ ಹೆಚ್ಚಿನ ಜನರೂ ಕಂದು, ಕಪ್ಪು ಬಣ್ಣದವರೇ. ಹಲವು ಮುಖಪುಟಗಳು ಅವನನ್ನು ಬೆಳ್ಳಗಾಗಿಸಿದವು. 2004ರ ಟಿವಿ ರೂಪಾಂತರವೂ ಅದನ್ನೇ ಮಾಡಿದಾಗ ಲೆ ಗ್ವಿನ್ ಬಹಿರಂಗವಾಗಿ ಪ್ರತಿಭಟಿಸಿ ಬರೆದರು.

ಎರಡನೆಯ ಓದಿಗೆ ಚಾರ್ಲ್ಸ್ ವೆಸ್ ಚಿತ್ರಗಳಿರುವ 2018ರ 'ದಿ ಬುಕ್ಸ್ ಆಫ್ ಅರ್ಥ್‌ಸೀ'. ಲೇಖಕಿ ತೀರಿಕೊಂಡ ವರ್ಷವೇ ಬಂದ, ಸುಮಾರು ಸಾವಿರ ಪುಟಗಳ ಈ ಸಂಪುಟದಲ್ಲಿ 1964ರ ಎರಡು ಆರಂಭದ ಕಥೆಗಳು, ಗೆಡ್‌ನ ಕೊನೆಯ ದಿನದ 'ಫೈರ್‌ಲೈಟ್', ಆಕ್ಸ್‌ಫರ್ಡ್ ಉಪನ್ಯಾಸ ಎಲ್ಲವೂ ಇವೆ. ಬಿಡಿ ಪುಸ್ತಕಗಳು ದುಬಾರಿಯಾದರೆ ಇದನ್ನೇ ಕೊಳ್ಳಿ, ತಪ್ಪಿಲ್ಲ. ಮುಖ್ಯ ಕಾದಂಬರಿಗಳ ಕ್ರಮ ಇದರಲ್ಲೂ ಪ್ರಕಟಣೆಯದೇ. ಆದರೆ ಒಂದು ಕೆಲಸ ಮಾಡಿ: 'ದಿ ಫಾರ್ದೆಸ್ಟ್ ಶೋರ್' ಮುಗಿದ ಪುಟದಲ್ಲಿ ಒಂದು ಚೀಟಿ ಇಟ್ಟು ಪುಸ್ತಕ ಮುಚ್ಚಿ. ಕೆಲವು ತಿಂಗಳು ಬೇರೇನಾದರೂ ಓದಿ. ಹದಿನೆಂಟು ವರ್ಷ ಕಾಯಿರಿ ಎಂದು ನಾನು ಹೇಳಲಾರೆ. ಯಾರೋ ಅಷ್ಟು ವರ್ಷ ಕಾದು, ಯೋಚಿಸಿ, ನಾಲ್ಕನೆಯದನ್ನು ಬರೆದರು ಎಂಬುದು ಪುಟ ತಿರುಗಿಸುವಾಗ ನೆನಪಿದ್ದರೆ ಸಾಕು. ನನ್ನ ಆ ಪ್ರಬಂಧದಲ್ಲಿ ಇಲ್ಲದ್ದು ಆ ನೆನಪೇ.