ಆರು ಡಬ್ಬ, ಒಂದು ದನಿ

ಹಳೆಯ ಸಿನಿಮಾದ ಡಿಸ್ಕು ಕೊಳ್ಳಲು ಹೋದರೆ ಹೊದಿಕೆಯ ಮೇಲೆ ನಾಯಕಿಯ ಹೆಸರಿಗಿಂತ ದಪ್ಪಕ್ಷರದಲ್ಲಿ ‘5.1 ಸರೌಂಡ್ ಸೌಂಡ್’ ಎಂದು ಅಚ್ಚು ಹಾಕಿರುತ್ತಿದ್ದ ಕಾಲವೊಂದಿತ್ತು. ನಾನು ಸಮಾಜ ಪಾಠ ಹೇಳುವವಳು, ಭೌತಶಾಸ್ತ್ರ ನನ್ನ ಪೀರಿಯಡ್ಡಲ್ಲ. ಆದರೂ ದುಡ್ಡು ಕೊಟ್ಟ ಮೇಲೆ ಏನು ಕೊಂಡೆ ಎಂದು ತಿಳಿಯಬೇಕಲ್ಲ! ಐದು ಪಾಯಿಂಟ್ ಒಂದು ಎಂಬುದು ದಶಮಾಂಶದ ಲೆಕ್ಕವಲ್ಲ. ಎದುರಿಗೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಬೆನ್ನ ಹಿಂದೆ ಎರಡು, ಹೀಗೆ ಐದು ಸ್ಪೀಕರು. ಉಳಿದ ‘ಒಂದು’ ಗುಡುಗು, ಸ್ಫೋಟ, ನಗಾರಿಯಂಥ ಕೆಳದನಿಗಳಿಗೆಂದೇ ಮೀಸಲಾದ ಡಬ್ಬ. ಪಾತ್ರಗಳ ಮಾತು ಬಹುಪಾಲು ಬರುವುದು ನಡುವಿನದರಿಂದ. ಈ ನಡುವಿನ ಡಬ್ಬವನ್ನು ನೆನಪಿಟ್ಟುಕೊಳ್ಳಿ, ನನ್ನ ತಕರಾರೆಲ್ಲ ಅದರ ಸುತ್ತಲೇ.

ಇದೆಲ್ಲ ಗಂಡಸರ, ಹುಡುಗರ ಹುಚ್ಚು, ನಮಗೇನು ಎನ್ನಬೇಡಿ. ಅರಸೀಕೆರೆಯಂಥ ಊರಿನ ಹೆಂಗಸರಿಗೆ ಮನೆಯಲ್ಲಿ ನೋಡಿದ್ದೇ ಸಿನಿಮಾ. ಮದುವೆ, ಮಕ್ಕಳು, ಸ್ಕೂಲು ಎಂದಾದ ಮೇಲೆ ಟಾಕೀಸಿಗೆ ಹೋದದ್ದನ್ನು ಬೆರಳಲ್ಲಿ ಎಣಿಸಬಹುದು. ನಾವು ಹುಡುಗಿಯರಾಗಿದ್ದಾಗ ಗಣೇಶನ ಹಬ್ಬಕ್ಕೆ ಒಂದು ರಾತ್ರಿಯ ಬಾಡಿಗೆಗೆ ಟಿವಿ, ವಿಸಿಪಿ ತಂದು ಬೀದಿಯವರೆಲ್ಲ ಕೂತು ಮೂರು ಕ್ಯಾಸೆಟ್ಟು ನೋಡುತ್ತಿದ್ದೆವು. ಆಮೇಲೆ ವಿಸಿಡಿ ಬಂತು. ಅದರಲ್ಲಿ ಹಿಡಿಯುವುದು 74 ನಿಮಿಷದಷ್ಟು ಚಿತ್ರ, ಎರಡು ವಾಹಿನಿಯ ಶಬ್ದ. ನಾಯಕಿ ಅಳಲು ಬಾಯಿ ತೆರೆದಾಗ ಎದ್ದು ಹೋಗಿ ಡಿಸ್ಕು ಬದಲಿಸಬೇಕು. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿ ನಮ್ಮ ಬೀದಿಗೆ ಬರುವ ಹೊತ್ತಿಗೆ ಎಷ್ಟೋ ವರ್ಷವಾಗಿತ್ತು. ಅದರ ಜೊತೆಗೇ ಆರು ಡಬ್ಬಗಳೂ ಬಂದವು. ನಮ್ಮ ನಡುಮನೆಯಲ್ಲಿ ಹಿಂದಿನ ಎರಡರಲ್ಲಿ ಒಂದಕ್ಕೆ ದೇವರಮನೆಯ ಗೋಡೆ ಸಿಕ್ಕಿತು, ಇನ್ನೊಂದು ಅಕ್ಕಿ ಡ್ರಮ್ಮಿನ ಮೇಲೆ ಕೂತಿತು.

ಅದರ ಸುಖ ಸುಳ್ಳಲ್ಲ. 2006ರ ‘ಮುಂಗಾರು ಮಳೆ’ಯನ್ನು ಹಾಕಿದ ದಿನ ಮಳೆ ಟಿವಿಯೊಳಗೆ ಮಾತ್ರ ಸುರಿಯಲಿಲ್ಲ, ಅಕ್ಕಿ ಡ್ರಮ್ಮಿನ ಕಡೆಯಿಂದಲೂ ಬಂತು. ನಮ್ಮದೇ ಜಿಲ್ಲೆಯ ಸಕಲೇಶಪುರದ ಮಳೆ ಕೇಳಿದ ಕಿವಿಗೆ ಅದು ಒಪ್ಪಿತು. ಅಲ್ಲಿ ಮಳೆಯೂ ಒಂದು ಪಾತ್ರ, ಅದಕ್ಕೆ ಹಿಂದಿನ ಡಬ್ಬ ಬೇಕು. ‘ಶೋಲೆ’ಯದೂ ಅಷ್ಟೆ. ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರ 1975ರಲ್ಲಿ ದೊಡ್ಡ ಊರಿನ ಕೆಲವು ಟಾಕೀಸುಗಳಲ್ಲಿ 70 ಎಂಎಂ ಪರದೆ, ಆರು ವಾಹಿನಿಯ ಶಬ್ದದೊಂದಿಗೆ ಬಂದಿತ್ತು. ಚಿಮ್ಮಿದ ನಾಣ್ಯ ತಮ್ಮ ಕುರ್ಚಿಯ ಕೆಳಗೇ ಬಿತ್ತೆಂದು ಜನ ಬಗ್ಗಿ ಹುಡುಕಿದರಂತೆ! ನಾವು ನೋಡಿದ ಬಾಡಿಗೆ ಕ್ಯಾಸೆಟ್ಟಿನಲ್ಲಿ ಆ ನಾಣ್ಯಕ್ಕೆ ಸದ್ದೇ ಇರಲಿಲ್ಲ. ಇಂಥ ಚಿತ್ರಗಳಿಗೆ ಆರು ವಾಹಿನಿಯೆಂದರೆ ಕಳೆದದ್ದನ್ನು ಹಿಂದಕ್ಕೆ ಕೊಟ್ಟಂತೆ.

ತಕರಾರು ಇರುವುದು ಅದಕ್ಕೂ ಹಿಂದಿನ ಚಿತ್ರಗಳ ಬಗ್ಗೆ. ‘ಅಮರಶಿಲ್ಪಿ ಜಕಣಾಚಾರಿ’ಯನ್ನೇ ತೆಗೆದುಕೊಳ್ಳಿ. 1964ರಲ್ಲಿ ಬಿ.ಎಸ್. ರಂಗಾ ಅವರು ತೆಗೆದ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ಇದ್ದಾರೆ. ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದೊಯ್ಯುವ ಹಿಂದಿನ ವಾರ ಆ ಕಥೆ ಹೇಳುವುದು ನನ್ನ ರೂಢಿ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು, ಇಡೀ ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳ ಹತ್ತಿರ ಮಾತ್ರ ಒಣಗದೆ ಉಳಿಯಿತಂತೆ, ಒಡೆದರೆ ನೀರಿನೊಳಗೆ ಕಪ್ಪೆಯಿತ್ತಂತೆ ಎಂದರೆ ಹುಡುಗರು ಉಸಿರು ಬಿಡುವುದಿಲ್ಲ. (ಚರಿತ್ರೆಯಲ್ಲ, ಐತಿಹ್ಯ ಎಂದು ಕೊನೆಗೆ ಸೇರಿಸುತ್ತೇನೆ. ಆ ಹೊತ್ತಿಗೆ ಯಾರೂ ಕೇಳಿಸಿಕೊಳ್ಳುತ್ತಿರುವುದಿಲ್ಲ.) ಆ ಕಾಲದ ಚಿತ್ರಗಳಲ್ಲಿ ಮಾತು, ಹಾಡು, ಉಳಿಯ ಸದ್ದು, ಗೆಜ್ಜೆ ಎಲ್ಲವನ್ನೂ ಹದವಾಗಿ ಬೆರೆಸಿ ಫಿಲ್ಮಿನ ಅಂಚಿನಲ್ಲಿ ಒಂದೇ ಗೆರೆಯಾಗಿ ಅಚ್ಚು ಹಾಕುತ್ತಿದ್ದರು. ಅದು ಪರದೆಯ ಹಿಂದಿನಿಂದ ಒಂದೇ ದನಿಯಾಗಿ ಬರಬೇಕೆಂದೇ ಮಾಡಿದ ಕೆಲಸ. ಕಲಸಿದ ಬಿಸಿಬೇಳೆಬಾತಿನಿಂದ ಬೇಳೆ ಬೇರೆ, ಅಕ್ಕಿ ಬೇರೆ ಮಾಡುವುದು ಹೇಗೆ?

ಹೇಗೆ ಮಾಡುತ್ತಿದ್ದರೆಂದರೆ, ಅದೇ ಒಂದು ದನಿಯನ್ನು ಆರು ಕಡೆಗೂ ಹಂಚಿ, ಹಿಂದಿನವಕ್ಕೆ ಚೂರು ತಡ ಮಾಡಿ, ಮೇಲಷ್ಟು ಪ್ರತಿಧ್ವನಿ ಚಿಮುಕಿಸಿ ‘5.1’ ಎಂದು ಮಾರುವುದು. ನಾನು ಕೊಂಡ ಒಂದು ಕಪ್ಪುಬಿಳುಪು ಚಿತ್ರದ ಡಿಸ್ಕು ಹಾಗಿತ್ತು. ಕಂಪನಿಯ ಹೆಸರು ಬೇಡ. ನಾಯಕ ಅಡುಗೆಮನೆಯಲ್ಲಿ ಅಮ್ಮನ ಜೊತೆ ಪಿಸುಗುಟ್ಟಿದರೂ ಬಾವಿಯೊಳಗಿಂದ ಕೂಗಿದಂತೆ. ನಮ್ಮತ್ತೆ ಆ ಚಿತ್ರವನ್ನು ಟಾಕೀಸಿನಲ್ಲಿ ನಾಲ್ಕು ಸಲ ನೋಡಿದ್ದವರು, ಸಂಭಾಷಣೆಯೆಲ್ಲ ಬಾಯಿಪಾಠ. ಅವರೇ ಎರಡು ಸಲ ಕೇಳಿದರು, “ಏನಂದನಮ್ಮಾ ಅವನು?” ಮೂರನೆಯ ಸಲ ಕೇಳಲಿಲ್ಲ. “ನನ್ನ ಕಿವೀನೇ ಹೋಯ್ತೇನೋ” ಅಂದು ಎದ್ದು ಹೋಗಿ ಮಲಗಿಬಿಟ್ಟರು. ಕಿವಿ ಸರಿಯಾಗಿಯೇ ಇತ್ತು.

ಶ್ರದ್ಧೆಯಿಂದ ಮಾಡಿದವರೂ ಇದ್ದಾರೆ. 2004ರಲ್ಲಿ ‘ಮುಘಲ್-ಎ-ಆಜಮ್’ಗೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಸಂಗೀತ ಕೊಟ್ಟಿದ್ದ ನೌಷಾದರೇ ಕೂತು, ಗಾಯಕರ ದನಿ ಮೊದಲಿನದನ್ನೇ ಇಟ್ಟು, ವಾದ್ಯವೃಂದವನ್ನು ಹೊಸದಾಗಿ ನುಡಿಸಿ ಮುದ್ರಿಸಿದರು. ಇಂಪಾಗಿಯೇ ಇದೆ. ಆದರೆ ಅದು 1960ರಲ್ಲಿ ಜನ ಕೇಳಿದ ಚಿತ್ರವಲ್ಲ, ಅದರ ಮೇಲೆ ಕಟ್ಟಿದ ಇನ್ನೊಂದು. ಹಳೇಬೀಡಿನಲ್ಲಿ ಮುಕ್ಕಾದ ಶಿಲಾಬಾಲಿಕೆಗೆ ಹೊಸ ಕೈ ಜೋಡಿಸಿದರೆ ಅದನ್ನು ಹೊಯ್ಸಳರ ಕೆಲಸವೆನ್ನಲು ನನಗೆ ನಾಲಗೆ ಏಳದು. ಈಚೆಗೆ ಕಲಸಿದ ದನಿಯಿಂದಲೇ ಮಾತು, ವಾದ್ಯಗಳನ್ನು ಕಂಪ್ಯೂಟರು ಬಿಡಿಸಿಕೊಡುತ್ತದೆ, ಬಿಸಿಬೇಳೆಬಾತಿನ ಕಷ್ಟ ಅಷ್ಟರಮಟ್ಟಿಗೆ ತಪ್ಪಿತು. ಬಿಡಿಸಲಿ, ಹೊಸ ರೂಪವೂ ಬರಲಿ. ಪಕ್ಕದಲ್ಲಿ ಮೂಲದ ಒಂಟಿ ದನಿಯನ್ನೂ ಇಡಬೇಕು. ಡಿವಿಡಿಯಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿಪಟ್ಟಿ ಇಡಲು ಜಾಗವಿದೆ, ಒಂಟಿ ದನಿ ತಿನ್ನುವುದು ಬಲು ಕಡಿಮೆ. ಇಟ್ಟವರು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ.

ಹೊಸ ಚಿತ್ರಗಳ ಕಷ್ಟ ಬೇರೆ. ಅವು ಟಾಕೀಸಿನ ಅಳತೆಗೆ ಹೊಲಿದ ಬಟ್ಟೆ. ಆರು ವಾಹಿನಿಯದನ್ನು ಬರಿಯ ಟಿವಿಯ ಎರಡು ಸ್ಪೀಕರಿಗೆ ಕೊಟ್ಟಾಗ ಯಂತ್ರ ಆರನ್ನೂ ಅರೆದು ಎರಡು ಮಾಡುತ್ತದೆ. ನಡುವಿನ ಡಬ್ಬದ ಮಾತು ಎರಡಕ್ಕೂ ಹಂಚಿಹೋಗಿ ಅದರ ಮೇಲೆ ಹಿನ್ನೆಲೆ ಸಂಗೀತ ಬಂದು ಕೂರುತ್ತದೆ. ಮಾತಿಗೆ ಜೋರು ಮಾಡು, ಹೊಡೆದಾಟಕ್ಕೆ ಸಣ್ಣ ಮಾಡು! ಒಳಕೋಣೆಯಲ್ಲಿ ಮಗು ಓದುತ್ತಿದ್ದರಂತೂ ರಿಮೋಟು ಕೈಬಿಡುವಂತಿಲ್ಲ, ಮೇಲೆ ನಮ್ಮೂರಿನ ಗೂಡ್ಸ್ ರೈಲು. ನಿಮ್ಮ ಟಿವಿಯ ಸೆಟ್ಟಿಂಗಿನಲ್ಲಿ ‘ನೈಟ್ ಮೋಡ್’ ಎಂಬುದಿದ್ದರೆ ಹಾಕಿ ನೋಡಿ. ಜೋರನ್ನು ತಗ್ಗಿಸಿ, ಸಣ್ಣದನ್ನು ಎತ್ತುತ್ತದೆ. ಗಂಡನನ್ನಾಗಲಿ ಮಗನನ್ನಾಗಲಿ ಕರೆಯಬೇಕಿಲ್ಲ.

2022ರ ನವೆಂಬರಿನಲ್ಲಿ ‘ಕಾಂತಾರ’ ಮನೆಯ ಪರದೆಗೆ ಬಂದಾಗ, ರಾಗದ ಬಗೆಗಿನ ವ್ಯಾಜ್ಯದ ಕಾರಣ ‘ವರಾಹ ರೂಪಂ’ ಹಾಡು ಟಾಕೀಸಿನಲ್ಲಿ ಕೇಳಿದಂತಿರಲಿಲ್ಲ. ಜನ ಮೊದಲ ದಿನವೇ ಗುರುತಿಸಿ ಗಲಾಟೆ ಮಾಡಿದರು, ಮುಂದೆ ಹಳೆಯ ರಾಗ ಮರಳಿ ಬಂತು. ಎರಡು ತಿಂಗಳ ಹಿಂದೆ ಕೇಳಿದ ಕಿವಿಗಳು ಸಾವಿರಾರು ಇದ್ದವಲ್ಲ. 1964ರ ಚಿತ್ರವನ್ನು ಟಾಕೀಸಿನಲ್ಲಿ ಕೇಳಿದ ಕಿವಿಗಳು ಈಗ ಎಷ್ಟು ಉಳಿದಾವು? ನಮ್ಮೂರಿನ ಡಿಸ್ಕಿನ ಅಂಗಡಿಗಳು ಮುಚ್ಚಿದವು. ಯೂಟ್ಯೂಬಿನಲ್ಲಿ ಹಳೆಯ ಚಿತ್ರ ಹುಡುಕಿದರೆ ಎಷ್ಟೋ ಸಲ ಸಿಗುವುದು ಆ ಪ್ರತಿಧ್ವನಿ ಬೆರೆಸಿದ್ದೇ. ನನ್ನ ಶಾಲೆಯ ಹುಡುಗಿಯರಿಗೆ ಅದೇ ಅಸಲು.

ಮನೆಯಲ್ಲಿದ್ದ ಹಳೆಯ ವಿಸಿಡಿಗಳಲ್ಲಿ ಒಂಟಿ ದನಿ ಕೆಡದೆ ಉಳಿದ ಹನ್ನೊಂದು ಚಿತ್ರಗಳನ್ನು ಆರಿಸಿ ಮಗಳ ಕಂಪ್ಯೂಟರಿಗೆ ಏರಿಸಿಟ್ಟಿದ್ದೇನೆ. ಜಕಣಾಚಾರಿಯ ಮೂರನೆಯ ಡಿಸ್ಕಿಗೆ ಗೀರು ಬಿದ್ದಿದೆ. ನಿಮ್ಮ ಅಟ್ಟದ ಮೇಲೆ ಆ ಡಿಸ್ಕು ಇದ್ದರೆ ತೂಕಕ್ಕೆ ಹಾಕಬೇಡಿ.